ಒಂದು ಇರಲಿ ಎಂದು ಬರೆಯುವ ಪರೀಕ್ಷೆಗಳು

ಹೋದ ವರ್ಷ ಜನವರಿಯ ಒಂದು ರವಿವಾರ ಸಂಜೆ ಅಕ್ಕನ ಮಗಳು ತನ್ನ ಹಾಸ್ಟೆಲ್ಲಿನಿಂದ ಧಾರವಾಡದ ಸಪ್ತಾಪುರದ ನಮ್ಮ ಮನೆಗೆ ಬಂದವಳು, ಚಹಾ ಕುಡಿಯುವ ಮೊದಲೇ ಉದ್ದ ನೋಟಬುಕ್ಕಿನ ನಡುವಿನ ಹಾಳೆಯೊಂದನ್ನು ಬಿಡಿಸಿ ನನ್ನ ಮುಂದೆ ಇಟ್ಟಳು. ಸ್ಕೇಲು ಹಿಡಿದು ಗೆರೆ ಎಳೆದು ಮಾಡಿದ ಕೋಷ್ಟಕ ಅದು. ಎಡಕ್ಕೆ ಏಳು ಪರೀಕ್ಷೆಗಳ ಹೆಸರು: ಸಿಇಟಿ, ನೀಟ್, ಐಐಟಿ, ಎನ್‌ಐಟಿಗಳ ದಾರಿಯಾದ ಜೆಇಇ ಮೇನ್‌ನ ಎರಡನೆಯ ಸರದಿ, ಕಾಮೆಡ್‌ಕೆ, ಸಿಯುಇಟಿ, ವಿಜ್ಞಾನ ಸಂಶೋಧನೆಯ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ, ಮತ್ತು ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಬಲಕ್ಕೆ ಅರ್ಜಿಯ ಕೊನೆಯ ದಿನ, ಶುಲ್ಕ, ಪರೀಕ್ಷೆಯ ದಿನ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷಗಳಿಂದ ಕೋಷ್ಟಕಗಳನ್ನೇ ನೋಡುತ್ತಿರುವ ನನಗೆ ಅದರ ಅಚ್ಚುಕಟ್ಟು ಹಿಡಿಸಿತು. ಆದರೆ ಏನೋ ಒಂದು ಬಿಟ್ಟುಹೋಗಿದೆ ಎನಿಸಿ, ಇನ್ನೊಂದು ಗೆರೆ ಎಳೆದು ಪ್ರತಿ ಪರೀಕ್ಷೆಯ ಮುಂದೆ ಯಾಕೆ ಬರೆಯುತ್ತೀ ಎಂಬುದನ್ನೂ ಬರಿ ಎಂದೆ. ಅವಳು ಪೆನ್ನಿನ ತುದಿಯನ್ನು ಕಚ್ಚುತ್ತ ಬಹಳ ಹೊತ್ತು ಕುಳಿತಳು. ಕೊನೆಗೆ ಏಳರ ಪೈಕಿ ಐದರ ಮುಂದೆ ಬರೆದದ್ದು ಒಂದೇ ಮಾತು, ‘ಇರಲಿ ಅಂತ’.

ನಂತರ ಅವಳೇ ತಲೆ ಎತ್ತಿ ಅಂದಳು: “ಚಿಗವ್ವ, ಯಾವ ಪರೀಕ್ಷಾ ಬರೀತಿ ಅಂತ ಎಲ್ಲಾರೂ ಕೇಳ್ತಾರ. ಏನ್ ಓದಬೇಕಂತ ಮಾಡಿ ಅಂತ ಯಾರೂ ಕೇಳವಲ್ರು.”

ಆ ಸಂಜೆಯಿಂದ ಅರ್ಜಿ ತುಂಬುವವರೆಗಿನ ಮೂರು ವಾರಗಳಲ್ಲಿ ನಾವಿಬ್ಬರೂ ಕೂಡಿ ಮಾಡಿದ ಲೆಕ್ಕಾಚಾರವನ್ನು ಇಲ್ಲಿ ಬರೆಯಬೇಕೆನಿಸಿದೆ. ಇದರಲ್ಲಿ ಸಲಹೆಗಿಂತ ನನ್ನ ತಪ್ಪೊಪ್ಪಿಗೆಯೇ ಹೆಚ್ಚಿದೆ. ಏಕೆಂದರೆ ‘ಒಂದು ಇರಲಿ ಬಿಡು’ ಎಂಬ ಮಾತನ್ನು 2023ರಲ್ಲಿ ನನ್ನ ಸ್ವಂತ ಮಗನಿಗೆ ನಾನೇ ನಾಲ್ಕು ಸಲ ಹೇಳಿದ್ದೆ.

ನಮ್ಮ ಕಾಲದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ನಾನು 1998ರಲ್ಲಿ ಪಿಯುಸಿ ಮುಗಿಸಿದಾಗ ಇಂಜಿನಿಯರಿಂಗಿಗೂ ಮೆಡಿಕಲ್ಲಿಗೂ ನಮ್ಮಂಥವರಿಗೆ ಗೊತ್ತಿದ್ದ ಬಾಗಿಲು ಒಂದೇ, ರಾಜ್ಯದ ಸಿಇಟಿ. ಅದೂ ಆಗ ಹೊಸದು. ಡೊನೇಶನ್ ಕೊಟ್ಟವರಿಗೆ ಸೀಟು ಎಂಬ ಪದ್ಧತಿಯ ವಿರುದ್ಧ ಸುಪ್ರೀಂ ಕೋರ್ಟ್ 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿಯೂ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ತೀರ್ಪು ಕೊಟ್ಟ ಮೇಲೆ, 1994ರಲ್ಲಿ ಕರ್ನಾಟಕ ತನ್ನ ಸಿಇಟಿ ಘಟಕವನ್ನು ತೆರೆದಿತ್ತು. ಮೋಹಿನಿ ಜೈನ್ ಪ್ರಕರಣ ಕರ್ನಾಟಕದ ಮೇಲೆಯೇ ಹೂಡಿದ್ದೆಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಆಗ ಕೌನ್ಸೆಲಿಂಗಿಗೆ ಬೆಂಗಳೂರಿನ ಮಲ್ಲೇಶ್ವರಕ್ಕೇ ಹೋಗಬೇಕಿತ್ತು. ಅಪ್ಪ ಡಿಡಿ ತೆಗೆಸಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ರಾತ್ರಿಯ ರೈಲಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿದ್ದರು. ನನ್ನ ಸರದಿ ಬರುವಷ್ಟರಲ್ಲಿ ನನಗೆ ಬೇಕಾದದ್ದೆಲ್ಲ ಪರದೆಯ ಮೇಲಿಂದ ಅಳಿಸಿಹೋಗಿತ್ತು. ಡಿಡಿ ಹಾಗೆಯೇ ಊರಿಗೆ ಮರಳಿತು, ನಾನು ಕರ್ನಾಟಕ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದೆ. ಅದರಲ್ಲಿ ನನಗೆ ದುಃಖವಿದ್ದಿತೇ ಹೊರತು ಗೊಂದಲವಿರಲಿಲ್ಲ. ಒಂದೇ ಪರೀಕ್ಷೆ, ಒಂದೇ ಫಲಿತಾಂಶ.

2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ಬಳಿಕ ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್‌ಕೆ ಎಂದು ತನ್ನದೇ ಪರೀಕ್ಷೆ ಮಾಡತೊಡಗಿತು. ಆಮೇಲೆ ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಎಂದು ನೀಟ್ ಬಂತು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ ಸಿಯುಇಟಿ ಬಂತು. ಒಂದೊಂದೂ ಮಕ್ಕಳ ಭಾರ ಇಳಿಸುತ್ತೇವೆ ಎಂದೇ ಬಂದದ್ದು. ಹೀಗೆ ಭಾರ ಇಳಿಸಲು ಬಂದವೆಲ್ಲ ಕೂಡಿ ಅವಳ ಆ ಹಾಳೆಯ ತುಂಬ ನಿಂತಿದ್ದವು.

ಮಗನ ಕಥೆಗೆ ಬರುತ್ತೇನೆ. ಅವನಿಗೆ ಬೇಕಾಗಿದ್ದುದು ಇಂಜಿನಿಯರಿಂಗ್, ಅದೂ ಹುಬ್ಬಳ್ಳಿ ಧಾರವಾಡದಲ್ಲೇ ಆದರೆ ಒಳ್ಳೆಯದು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಅಷ್ಟು ಗೊತ್ತಿದ್ದರೂ ಅವನು ಜೆಇಇ ಮೇನ್ ಅನ್ನು ಎರಡು ಸಲ, ಸಿಇಟಿ, ಕಾಮೆಡ್‌ಕೆ, ಖಾಸಗಿ ವಿಶ್ವವಿದ್ಯಾಲಯವೊಂದರ ಪರೀಕ್ಷೆ, ಇಷ್ಟನ್ನೂ ಬರೆದ. ಜನವರಿಯ ಜೆಇಇ ಫಲಿತಾಂಶ ಬಂದಾಗಲೇ ಆ ದಾರಿ ನಮ್ಮದಲ್ಲ ಎಂಬುದು ಸ್ಪಷ್ಟವಾಗಿತ್ತು. ಆದರೂ ಎರಡನೆಯದೂ ಒಂದು ಇರಲಿ ಎಂದು ನಾನೇ ಹಣ ಕಟ್ಟಿದೆ. ಏಪ್ರಿಲ್‌ನಲ್ಲಿ ಬೆಳಗಾವಿಯ ಕೇಂದ್ರಕ್ಕೆ ಬೆಳಗಿನ ನಾಲ್ಕೂವರೆಗೆ ಎದ್ದು ಹೋದೆವು. ಮೇ 20 ಮತ್ತು 21ಕ್ಕೆ ಸಿಇಟಿ, 28ಕ್ಕೆ ಕಾಮೆಡ್‌ಕೆ. ಏಪ್ರಿಲ್ ಇಡೀ ತಿಂಗಳು ಅವನು ಜೆಇಇಯ ಉದ್ದುದ್ದ ಲೆಕ್ಕಗಳಲ್ಲಿ ಮುಳುಗಿದ್ದ, ಅದಾದ ಮೇಲೆ ಸಿಇಟಿಯ ಚುಟುಕು ಪ್ರಶ್ನೆಗಳಿಗೆ ಕೈ ಹೊರಳಿಸಲು ಹದಿನೈದು ದಿನ ತಿಣುಕಿದ. ಕೊನೆಗೆ ಸೀಟು ಸಿಕ್ಕಿದ್ದು ಸಿಇಟಿಯಿಂದಲೇ, ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ಸಿಗುವ ಕಾಲೇಜಿನಲ್ಲಿ. ಅವನು ಈಗಲೂ ಒಮ್ಮೊಮ್ಮೆ ತಮಾಷೆಗೆ ಹೇಳುವುದುಂಟು, ಬೆಳಗಾವಿಗೆ ಹೋಗಿ ಕುಂದಾ ತಂದದ್ದಷ್ಟೇ ಲಾಭ ಎಂದು.

ನಮಗೆ ಆಗ ತಿಳಿಯದೇ ಇದ್ದ ಒಂದು ಸಣ್ಣ ಲೆಕ್ಕವನ್ನು ಅಕ್ಕನ ಮಗಳಿಗೆ ಮೊದಲ ದಿನವೇ ತೋರಿಸಿದೆ. ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕಗಳನ್ನು 50ಕ್ಕೆ ಇಳಿಸುತ್ತಾರೆ, ಅದೇ ಮೂರು ವಿಷಯಗಳ ಸಿಇಟಿಯ 180 ಅಂಕಗಳನ್ನೂ 50ಕ್ಕೆ ಇಳಿಸುತ್ತಾರೆ. ಆದ್ದರಿಂದ ಪಿಯುಸಿಯ ಆರು ಅಂಕ ಸೇರಿದರೆ ರ‍್ಯಾಂಕಿನ ಲೆಕ್ಕದಲ್ಲಿ ಒಂದು ಅಂಕ. ಸಿಇಟಿಯಲ್ಲಾದರೆ ಅದೇ ಒಂದು ಅಂಕಕ್ಕೆ ನಾಲ್ಕು ಪ್ರಶ್ನೆಗೂ ಕಡಿಮೆ ಸಾಕು. ಮೂರು ಸಿಇಟಿ ಪ್ರಶ್ನೆ ಪಿಯುಸಿಯ ಐದು ಅಂಕಗಳಿಗೆ ಸಮ. ನನ್ನ ಮಗ ಪಿಯುಸಿಯಲ್ಲಿ ಗಣಿತಕ್ಕೆ ಎರಡು ಅಂಕ ಕಡಿಮೆ ಬಂತೆಂದು ಮರುಮೌಲ್ಯಮಾಪನಕ್ಕೆ ಹಾಕಲು ಓಡಾಡಿದ್ದ. ಆದರೆ ಆಮೇಲೆ ಸಿಇಟಿಯಲ್ಲಿ ಸಮಯ ಸಾಲದೆ ಖಾಲಿ ಬಿಟ್ಟುಬಂದ ಒಂಬತ್ತು ಪ್ರಶ್ನೆಗಳ ಬಗ್ಗೆ ನಮ್ಮಲ್ಲಿ ಯಾರೂ ಚಕಾರ ಎತ್ತಿರಲಿಲ್ಲ.

ಖಾಲಿ ಬಿಡುವುದು, ಬಿಡದಿರುವುದು, ಇದೇ ಈ ಪರೀಕ್ಷೆಗಳ ನಡುವಿನ ನಿಜವಾದ ಭೇದ. ಪುಸ್ತಕ ಬಹುಮಟ್ಟಿಗೆ ಒಂದೇ. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದು ವರ್ಷಗಳೇ ಆದವು, ನೀಟ್‌ಗೂ ಜೆಇಇಗೂ ಆಧಾರ ಅದೇ. ಆದ್ದರಿಂದಲೇ ‘ಒಂದಕ್ಕೆ ಓದಿದರೆ ಎಲ್ಲಕ್ಕೂ ಓದಿದಂತೆ’ ಎಂಬ ಮಾತು ಚಾಲ್ತಿಗೆ ಬಂದದ್ದು. ಅದು ಅರ್ಧ ನಿಜ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಡಿತವಿಲ್ಲ. ಅಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡುವುದು ಹೊಲದಲ್ಲಿ ಒಂದು ಸಾಲನ್ನು ಬಿತ್ತದೆ ಬಿಟ್ಟಂತೆ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಸರಿಯಾದದ್ದಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ ಮೂರು ತಾಸು, ಒಂದೊಂದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತದೆ, ಆದರೆ ಅಷ್ಟು ಸಮಯ ಬೇಡುವ ಪ್ರಶ್ನೆಗಳನ್ನೇ ಅವರು ಕೇಳುತ್ತಾರೆ. ಕಾಮೆಡ್‌ಕೆಯಲ್ಲಿ ಮತ್ತೆ ಕಡಿತವಿಲ್ಲ, 180 ನಿಮಿಷಕ್ಕೆ 180 ಪ್ರಶ್ನೆ, ಬರೀ ಓಟ.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ನೀಟ್‌ನಲ್ಲಿ ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು ಎಂದು ಎಲ್ಲರೂ ಹೆದರಿಸುತ್ತಾರೆ. ಬರೀ ಲೆಕ್ಕ ಹಿಡಿದು ನೋಡಿದರೆ, ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿ ಒಂದು ಸರಿಯಾದರೂ ನಾಲ್ಕು ಬಂದು ಮೂರು ಹೋಗಿ ಒಂದು ಅಂಕ ಉಳಿಯುತ್ತದೆ. ಆದರೆ ಹುಡುಗರು ಕಣ್ಣು ಮುಚ್ಚಿ ಗುರುತು ಹಾಕುವುದಿಲ್ಲ, ಅರೆತೆರೆದು ಹಾಕುತ್ತಾರೆ. ಅರ್ಧ ಗೊತ್ತಿದ್ದವರನ್ನು ಸೆಳೆಯಲೆಂದೇ ಹೆಣೆದ ಒಂದು ತಪ್ಪು ಉತ್ತರ ಪ್ರತಿ ಪ್ರಶ್ನೆಯಲ್ಲೂ ಇರುತ್ತದೆ. ಅರೆಗಣ್ಣು ಹೋಗಿ ನಿಲ್ಲುವುದು ಅದರ ಮೇಲೆಯೇ. ಅಕ್ಕನ ಮಗಳ ಮೂರು ಮಾದರಿ ಪರೀಕ್ಷೆಗಳ ಹಾಳೆ ತರಿಸಿ ನೋಡಿದೆವು. ‘ಅಂದಾಜು’ ಎಂದು ಅವಳು ಬದಿಗೆ ಚುಕ್ಕೆ ಇಟ್ಟುಕೊಂಡಿದ್ದ 34 ಪ್ರಶ್ನೆಗಳಲ್ಲಿ ಸರಿಯಾದದ್ದು ಐದೇ. ಕಣ್ಣು ಮುಚ್ಚಿ ಹಾಕಿದ್ದರೆ ಎಂಟಾದರೂ ಸಿಗುತ್ತಿದ್ದವು ಎಂದು ಇಬ್ಬರೂ ನಕ್ಕೆವು. ಆದರೆ ಅದು ನಗುವ ಮಾತಾಗಿರಲಿಲ್ಲ. ಅದೇ ಹುಡುಗಿ ಸಿಇಟಿಯ ಮಾದರಿಯಲ್ಲಿ ಅದೇ ಭಯದಿಂದ ಹನ್ನೊಂದು ವೃತ್ತಗಳನ್ನು ಖಾಲಿ ಬಿಟ್ಟಿದ್ದಳು. ಒಂದು ಪರೀಕ್ಷೆಯ ಸಂಯಮ ಇನ್ನೊಂದಕ್ಕೆ ನಷ್ಟ, ಒಂದರ ಧೈರ್ಯ ಇನ್ನೊಂದಕ್ಕೆ ನಷ್ಟ. ಏಳು ಪರೀಕ್ಷೆ ಬರೆಯುವುದೆಂದರೆ ಏಳು ಸ್ವಭಾವಗಳನ್ನು ರೂಢಿಸಿಕೊಳ್ಳುವುದು. ಹದಿನೇಳರ ಹುಡುಗಿಗೆ ತನ್ನದೊಂದು ಸ್ವಭಾವವೇ ಇನ್ನೂ ನೆಟ್ಟಗೆ ಕೈಗೆ ಹತ್ತಿರುವುದಿಲ್ಲ.

ಅವಳು ಸೇರಿದ್ದ ಕೋಚಿಂಗ್‌ನವರು (ಹೆಸರು ಬೇಡ) ಎಲ್ಲ ಪರೀಕ್ಷೆಗಳಿಗೂ ಒಂದೇ ಪ್ಯಾಕೇಜು ಎಂದು ಭಾವನವರಿಂದ ಒಂದೇ ಗಂಟಿಗೆ ಹಣ ಕಟ್ಟಿಸಿಕೊಂಡಿದ್ದರು. ಒಳಗೆ ನಡೆಯುತ್ತಿದ್ದದ್ದು ನೀಟ್ ಪಾಠ ಮಾತ್ರ. ಸಿಇಟಿಗೆ ಕೊನೆಯ ಹದಿನೈದು ದಿನ ‘ಕ್ರ್ಯಾಶ್’ ಎಂಬ ಭರವಸೆ. ಕಟ್ಟಡದ ಮುಂದೆ ತೂಗುಹಾಕಲು ಅವರಿಗೆ ಬೇಕಾದದ್ದು ನೀಟ್‌ನ ನಾಲ್ಕು ಫೋಟೋ. ಉಳಿದ ಮಕ್ಕಳು ಆ ನಾಲ್ವರ ಜೊತೆ ಓಡುತ್ತಿರಬೇಕು, ಅಷ್ಟೆ.

ಹಾಗಾದರೆ ಆರಿಸುವುದು ಹೇಗೆ? ನಾವು ತುದಿಯಿಂದ ಹಿಂದಕ್ಕೆ ಬಂದೆವು. ಮೊದಲು ಪರೀಕ್ಷೆಗಳ ಹೆಸರು ಮುಚ್ಚಿಟ್ಟು, ಆಕೆ ಮುಂದಿನ ನಾಲ್ಕೈದು ವರ್ಷ ಎಲ್ಲಿ ಕುಳಿತು ಓದಲು ಒಪ್ಪುತ್ತಾಳೆ, ಅಲ್ಲಿನ ಶುಲ್ಕವನ್ನು ಗದಗ ಜಿಲ್ಲೆಯ ರೋಣ ತಾಲೂಕಿನ ಅವರ ಎಂಟು ಎಕರೆ ಎರಿ ಹೊಲ ತಾಳಬಲ್ಲದೇ ಎಂಬುದನ್ನು ಬರೆದೆವು. ಆಮೇಲೆ ಆ ಒಂದೊಂದು ಜಾಗದ ಬಾಗಿಲು ಯಾವುದೆಂದು ನೋಡಿದೆವು. ಹೀಗೆ ನೋಡಿದಾಗ ಕೆಲವು ಪರೀಕ್ಷೆಗಳು ತಾವಾಗಿಯೇ ಉದುರಿದವು. ಕಾಮೆಡ್‌ಕೆ ಮೂಲಕ ಸಿಗುವ ಇಂಜಿನಿಯರಿಂಗ್ ಸೀಟಿನ ಶುಲ್ಕ ಸಿಇಟಿಯ ಸರ್ಕಾರಿ ಸೀಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಸೀಟು ಸಿಕ್ಕರೂ ಕಟ್ಟುವವರಿಲ್ಲ ಎಂದಾದರೆ ಆ ಪರೀಕ್ಷೆ ಬರೆದು ಆಗಬೇಕಾದದ್ದೇನು? ಖಾಸಗಿ ವಿಶ್ವವಿದ್ಯಾಲಯದ್ದೂ ಅದೇ ಕಾರಣಕ್ಕೆ ಹೋಯಿತು. ಸಿಯುಇಟಿಯ ಮುಂದೆ ಅವಳು ಬರೆದದ್ದು ‘ಗೆಳತಿ ತುಂಬ್ಯಾಳ’ ಎಂದು. ಹೆಚ್ಚು ಹೇಳುವ ಅಗತ್ಯವಿಲ್ಲ.

ಜೆಇಇಯನ್ನು ಬಿಡುವುದು ಭಾವನವರಿಗೆ ಕಷ್ಟವಾಯಿತು. ನಮ್ಮ ಧಾರವಾಡದಲ್ಲೇ ಐಐಟಿ ಇದೆಯಲ್ಲ, ತ್ರಿಪಲ್ ಐಟಿಯೂ ಇದೆಯಲ್ಲ ಎಂಬುದು ಅವರ ಮಾತು. ಊರಿನಿಂದ ಬರುವಾಗಲೆಲ್ಲ ಅವರು ಆ ಹೆಸರಿನ ಫಲಕಗಳನ್ನು ನೋಡುತ್ತಾರೆ. 2016ರಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿಯ ಕಟ್ಟಡದಲ್ಲಿ ಶುರುವಾದ ಐಐಟಿಗೆ ಈಗ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಕ್ಯಾಂಪಸ್ಸು, ತ್ರಿಪಲ್ ಐಟಿಗೆ ತಡಸಿನಕೊಪ್ಪದಲ್ಲಿ. ಆದರೆ ಮನೆಗೆ ಹತ್ತಿರವಿದ್ದ ಮಾತ್ರಕ್ಕೆ ಸೀಟು ಹತ್ತಿರವಾಗುವುದಿಲ್ಲ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು. ಐಐಟಿಗಾಗಲಿ ತ್ರಿಪಲ್ ಐಟಿಗಾಗಲಿ ಅಂಥ ತವರಿನ ಪಾಲು ಇಲ್ಲ. ಚಿಕ್ಕಮಲ್ಲಿಗವಾಡದ ಹುಡುಗನೂ ಪಾಟ್ನಾದ ಹುಡುಗನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು, ಅದರಲ್ಲೂ ಐಐಟಿಗೆ ಮೇನ್ ದಾಟಿ ಅಡ್ವಾನ್ಸ್ಡ್ ಎಂಬ ಇನ್ನೊಂದು ಗುಡ್ಡ ಹತ್ತಬೇಕು. ಭಾವನವರು ಕೇಳಿಸಿಕೊಂಡು, “ಹಂಗಾರ ನಮ್ಮೂರ ಮುಂದ ಕೆನಾಲ್ ಹೋಗಿ ನಮಗ ನೀರ್ ಇಲ್ಲದಂಗ ಆತು ಬಿಡ್ರಿ,” ಎಂದರು. ಅಷ್ಟು ಸರಿಯಾಗಿ ನನಗೆ ಹೇಳಲು ಬಂದಿರಲಿಲ್ಲ.

ಸಿಇಟಿಯ ಪಕ್ಕಕ್ಕೆ ತಕ್ಕಡಿ ವಾಲಿಸಿದ್ದು ಇನ್ನೊಂದು ವಿಷಯ. ಅವಳು ಒಂದರಿಂದ ಹತ್ತನೆಯವರೆಗೆ ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಹತ್ತು ವರ್ಷ ಅವಳು ನಡೆದ ದಾರಿಗೆ ಬೆಲೆ ಕಟ್ಟುವ ಪಟ್ಟಿ ರಾಜ್ಯದ್ದು ಮಾತ್ರ. ಇಲ್ಲಿ ಒಂದು ನೋವಿನ ಮಾತನ್ನೂ ಹೇಳಬೇಕು. ರೋಣದ ಆ ಊರಿನಿಂದ ಕೆಲವೇ ಮೈಲಿ ಆಚೆ ಕೊಪ್ಪಳ ಜಿಲ್ಲೆ ಶುರುವಾಗುತ್ತದೆ. ಅಲ್ಲಿನ ಮಕ್ಕಳಿಗೆ ಕಲ್ಯಾಣ ಕರ್ನಾಟಕಕ್ಕೆಂದು ಇರುವ ಸಂವಿಧಾನದ 371(ಜೆ) ವಿಧಿಯ ಪ್ರತ್ಯೇಕ ಮೀಸಲಾತಿ ಇದೆ, ಗದಗ ಜಿಲ್ಲೆಗಿಲ್ಲ. ಮಣ್ಣು ಒಂದೇ, ಮಳೆ ಒಂದೇ, ಶಾಲೆಯ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಗೆರೆಯ ಈಚೆ ಉಳಿದವರಿಗೆ ಅದು ಯಾವಾಗಲೂ ಚುಚ್ಚುತ್ತದೆ.

ನೀಟ್ ಅನ್ನು ಮಾತ್ರ ಅಷ್ಟು ಸುಲಭವಾಗಿ ತೆಗೆದುಹಾಕಲು ಆಗಲಿಲ್ಲ. ಗದಗಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಹಾವೇರಿಯಲ್ಲೂ ಬಂದಿದೆ, ಹುಬ್ಬಳ್ಳಿಯದು ಮೊದಲಿನಿಂದಲೂ ಇದೆ. ಹತ್ತಿರದಲ್ಲಿ ಕಟ್ಟಡ ಎದ್ದಂತೆಲ್ಲ ಮನೆಯವರ ಆಸೆಯೂ ಎದ್ದು ನಿಲ್ಲುತ್ತದೆ. ನೀಟ್‌ನಲ್ಲಿ ಪಿಯುಸಿಯ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಇಲ್ಲ. ಎರಡು ವರ್ಷ ಮೈಮುರಿದು ಓದಿದ ಬೋರ್ಡ್ ಪರೀಕ್ಷೆಯನ್ನು ಪಕ್ಕಕ್ಕಿಟ್ಟು ಮೂರು ತಾಸಿನ ಮೇಲೆ ಎಲ್ಲವನ್ನೂ ಕಟ್ಟಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು, ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು. ಕನ್ನಡ ಮಾಧ್ಯಮದ ಹುಡುಗಿ ಕನ್ನಡವನ್ನೇ ಆರಿಸಲಿ ಎಂಬುದು ನನ್ನ ಮೊದಲ ಹುಮ್ಮಸ್ಸು. ಅವಳೇ ತಣ್ಣೀರು ಎರಚಿದಳು. ಹತ್ತನೆಯ ತರಗತಿಯಲ್ಲಿ ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದನ್ನು ಪಿಯುಸಿಗೆ ಬಂದು ಆರು ತಿಂಗಳು ಒದ್ದಾಡಿ ಫೋಟೋಸಿಂಥೆಸಿಸ್ ಮಾಡಿಕೊಂಡಿದ್ದಾಳೆ. ಈಗ ಅದನ್ನು ಮತ್ತೆ ಹಿಂದಕ್ಕೆ ಒಯ್ಯುವ ಶಕ್ತಿ ಅವಳಲ್ಲಿಲ್ಲ. ಪಿಯುಸಿಯ ಎರಡು ವರ್ಷ ಕನ್ನಡದಲ್ಲಿ ಪಾಠ ಹೇಳದೆ ಪರೀಕ್ಷೆಯನ್ನು ಮಾತ್ರ ಕನ್ನಡದಲ್ಲಿ ಕೊಡುವುದು ಕಂಬಳಿ ಕಸಿದುಕೊಂಡು ಟೊಪ್ಪಿಗೆ ಕೊಟ್ಟಂತೆ ಎಂದು ನನಗೆ ಆ ದಿನ ಅನಿಸಿತು.

ಡಾಕ್ಟರಾಗುವುದು ನಿನ್ನ ಆಸೆಯೋ ಅಪ್ಪನದೋ ಎಂದು ಕೇಳಿದಾಗ ಅವಳು ನೇರ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹಾಸ್ಟೆಲ್ಲಿನವರೆಲ್ಲ ಹೋಗಿದ್ದಾಗ, ಕಡಲೆಯ ಸೊರಗು ರೋಗದ ಬಗ್ಗೆ ಒಬ್ಬ ಹುಡುಗಿ ರೈತರಿಗೆ ವಿವರಿಸುತ್ತಿದ್ದುದನ್ನು ನೋಡುತ್ತ ಒಂದು ತಾಸು ಅಲ್ಲೇ ನಿಂತುಬಿಟ್ಟೆ ಎಂದು ಹೇಳಿದಳು. “ನಮ್ಮ ಹೊಲದಾಗ ಎರಡು ವರ್ಷ ಹಂಗ ಒಣಗಿ ಹೋಗಿತ್ತು, ಅಪ್ಪ ಎಣ್ಣಿ ಹೊಡದ ಹೊಡದ. ಅದು ಮಣ್ಣಿನಾಗಿಂದ ಬರೋ ರೋಗ, ಎಣ್ಣಿಗೆ ಬಗ್ಗೋದಲ್ಲಂತ ಆಕಿ ಹೇಳಿದ್ಲು.” ಏಳು ಪರೀಕ್ಷೆಗಳ ಆ ಕೋಷ್ಟಕದಲ್ಲಿ ಎಲ್ಲಿಯೂ ಬರೆಯದ ‘ಯಾಕೆ’ ಇಲ್ಲಿತ್ತು.

ಬಿಎಸ್ಸಿ ಕೃಷಿಯ ಬಾಗಿಲೂ ಸಿಇಟಿಯೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲಷ್ಟೇ ಅಲ್ಲ, ರಾಣೆಬೆನ್ನೂರ ಹತ್ತಿರದ ಹನುಮನಮಟ್ಟಿಯಲ್ಲೂ ವಿಜಯಪುರದಲ್ಲೂ ಕಾಲೇಜುಗಳಿವೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಬಿಎಸ್ಸಿ ನರ್ಸಿಂಗ್, ಬಿಫಾರ್ಮ್, ಯೋಗ ಮತ್ತು ನಿಸರ್ಗ ಚಿಕಿತ್ಸೆಯ ಪದವಿಗಳಿಗೂ ಇದೇ ಬಾಗಿಲು. ಬಿಫಾರ್ಮ್ ಬಿಟ್ಟರೆ ಇವಕ್ಕೆಲ್ಲ ಜೀವಶಾಸ್ತ್ರವನ್ನೂ ಬರೆಯಬೇಕು, ಇಂಜಿನಿಯರಿಂಗ್ ಕೈತಪ್ಪಬಾರದೆಂದರೆ ಗಣಿತವನ್ನೂ ಬರೆಯಬೇಕು. ಪಿಸಿಎಂಬಿ, ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಓದಿದವಳಿಗೆ ನಾಲ್ಕೂ ಪತ್ರಿಕೆ ಬರೆಯುವುದೇ ಲೇಸು. ನಿಜವಾಗಿ ‘ಒಂದು ಇರಲಿ’ ಎನ್ನಲು ಯೋಗ್ಯವಾದದ್ದು ಇದು, ಒಂದೇ ಅರ್ಜಿಯ ಒಳಗಿನ ಇನ್ನೊಂದು ಪತ್ರಿಕೆ.

ಇದಲ್ಲದೆ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ. ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಇದನ್ನು ಹೇಳಿದಾಗ ಭಾವನವರ ದನಿಯೇ ಬದಲಾಯಿತು. ಅಲ್ಲಿಯವರೆಗಿನ ಮಾತುಕತೆಯಲ್ಲೆಲ್ಲ ಅವರು ಹಣ ಕಟ್ಟುವವರಾಗಿದ್ದರು, ಈಗ ಪಾಠ ಹೇಳುವವರಾದರು. ಹೊಲದ ಉತಾರ (ಪಹಣಿ) ತೆಗೆಸಿದರು, ತಹಶೀಲ್ದಾರರ ಕಚೇರಿಗೆ ಮೂರು ದಿನ ತಿರುಗಿ ಕೃಷಿಕರೆಂಬ ಪ್ರಮಾಣಪತ್ರ ತಂದರು. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಗಳನ್ನು ಬೆಂಕಿಪೊಟ್ಟಣದ ಹಿಂಬದಿಯ ಮೇಲೆ ಬರೆದುಕೊಂಡು ಬಂದರು. ಅರ್ಜಿಯನ್ನು ನಮ್ಮ ಮನೆಯ ಕಂಪ್ಯೂಟರಿನಲ್ಲೇ ತುಂಬಿದೆವು.

ನೀಟ್‌ಗೂ ತುಂಬಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಸಾಮಾನ್ಯ ವರ್ಗದವರಿಗೆ ಅರ್ಜಿಗೇ 1,700 ರೂಪಾಯಿ. ಅದಕ್ಕಿಂತ ದುಬಾರಿ ಅದು ಬೇಡುವ ತಿಂಗಳುಗಳು ಎಂದು ಇಷ್ಟು ಹೊತ್ತು ವಾದಿಸಿದ ನಾನೇ, ಅಕ್ಕ ಫೋನಿನಲ್ಲಿ ಒಂದು ನಿಮಿಷ ಸುಮ್ಮನಿದ್ದು “ಬರದ್ರ ಬರೀಲಿ ಬಿಡ” ಎಂದಾಗ ಬೇಡ ಎನ್ನಲು ಆಗಲಿಲ್ಲ. ಒಂದು ಒಪ್ಪಂದ ಮಾಡಿಕೊಂಡೆವು: ಸಿಇಟಿ ಮುಗಿಯುವವರೆಗೆ ಮಾದರಿ ಪರೀಕ್ಷೆಗಳೆಲ್ಲ ಸಿಇಟಿಯವೇ, 80 ಸೆಕೆಂಡಿನ ಲೆಕ್ಕದಲ್ಲೇ, ಒಂದೂ ವೃತ್ತ ಖಾಲಿ ಬಿಡದೆ. ಅದಾದ ಮೇಲೆ ಉಳಿದ ದಿನಗಳಷ್ಟೇ ನೀಟ್‌ಗೆ. ಕೋಚಿಂಗ್‌ನವರಿಗೆ ಇದು ಹಿಡಿಸಲಿಲ್ಲ. ಅವರಿಗೆ ಹೇಳುವ ಕೆಲಸವನ್ನು ನಾನು ಮಾಡಿದೆ.

ಪಿಯುಸಿ ಪರೀಕ್ಷೆಗೂ ಸಿಇಟಿಗೂ ನಡುವಿನ ಬಿಡುವಿನಲ್ಲಿ ನಾನು ಎರಡು ದಿನ ಅಕ್ಕನ ಊರಿಗೆ ಹೋಗಿದ್ದೆ. ಸಂಜೆ ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಸ್ಟೀಲಿನ ಬಟ್ಟಲುಗಳ ಸಾಲು. ಕಡಲಿ, ತೊಗರಿ, ಹೆಸರು, ಮಡಿಕಿ, ಅಲಸಂದಿ, ಹುರುಳಿ, ಅಗಸಿ, ಕುಸುಬಿ, ಗುರೆಳ್ಳು, ಸಜ್ಜಿ, ನವಣಿ, ಹತ್ತಿ ಬೀಜ. ಭಾವನವರು ಬಟ್ಟಲುಗಳನ್ನು ಅದಲು ಬದಲು ಮಾಡುತ್ತಾರೆ, ಅವಳು ಕಾಳನ್ನು ಬೆರಳಲ್ಲಿ ತಿಕ್ಕಿ ಹೇಳುತ್ತಾಳೆ. ಎಂಟನೆಯ ತರಗತಿಯ ನಂತರ ಅವಳನ್ನು ಹೊಲಕ್ಕೆ ಬರಬೇಡ, ಓದಿಕೋ ಎಂದು ತಡೆದವರೂ ಅವರೇ. ಕುಸುಬಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡುವುದು, ಅಗಸಿಯನ್ನು ಅಂಗೈಯ ಮೇಲೆ ಹರವಿದರೆ ಜಾರುವುದು, ಗುರೆಳ್ಳು ಎರಡೂ ತುದಿಗೆ ಚೂಪಾಗುವುದು, ಇವನ್ನೆಲ್ಲ ಅವಳು ಆ ವಾರ ಕಲಿತಳು. ಅಟ್ಟದ ಮೇಲಿದ್ದ ಕೂರಿಗೆಯನ್ನು ಇಳಿಸಿ ಅದರ ಒಂದೊಂದು ಭಾಗದ ಹೆಸರು ಹೇಳಿಸಿದರು. ಟ್ರ್ಯಾಕ್ಟರು ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಜೇಡರ ಬಲೆಯನ್ನು ಅಕ್ಕ ಸೆರಗಿನಿಂದಲೇ ಒರೆಸಿದಳು. ಕೂರಿಗೆಗೂ ಎಡೆಕುಂಟೆಗೂ ಇಂಗ್ಲಿಷ್ ಹೆಸರು ಏನೆಂದು ಮಗಳು ಪುಸ್ತಕ ನೋಡಿ ಹೇಳಿದಾಗ ಭಾವನವರು ಅದನ್ನು ಎರಡು ಸಲ ಬಾಯೊಳಗೆ ಹೇಳಿಕೊಂಡರು.

ಸಿಇಟಿ ಮುಗಿದ ಕೆಲವು ದಿನಗಳ ನಂತರ ಧಾರವಾಡದಲ್ಲಿ ಪ್ರಾಯೋಗಿಕ ಪರೀಕ್ಷೆ. ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬೇವಿನ ಮರಗಳ ಕೆಳಗೆ ರೈತರೇ ತುಂಬಿದ್ದರು. ಕಾಲೇಜಿನ ಪರೀಕ್ಷೆಯ ಹೊರಗೆ ಅಷ್ಟೊಂದು ಧೋತರ, ಟೊಪ್ಪಿಗೆಗಳನ್ನು ನಾನು ನೋಡಿದ್ದು ಅದೇ ಮೊದಲು. ಭಾವನವರು ಬಲಕ್ಕೆ ಕುಳಿತಿದ್ದ ಯಾರೋ ಹಾವೇರಿಯವರೊಂದಿಗೆ ಮೆಣಸಿನಕಾಯಿ ದರದ ಮಾತು ಆಡುತ್ತಿದ್ದರೂ ಕಣ್ಣು ಬಾಗಿಲ ಮೇಲೆಯೇ ಇತ್ತು. ಅವಳು ಹೊರಗೆ ಬಂದಳು. ಎಲ್ಲ ಗುರುತಿಸಿದೆ, ಒಂದು ಮಾತ್ರ ತಪ್ಪಿತು, ಸಾವಿ ಇಟ್ಟಿದ್ದರು, ನವಣಿ ಎಂದು ಬರೆದುಬಂದೆ ಎಂದಳು. ನಾನು ಏನೋ ಸಮಾಧಾನ ಹೇಳಲು ಹೊರಟಿದ್ದೆ.

ಭಾವನವರು ಟೊಪ್ಪಿಗೆ ತೆಗೆದು ಮೊಣಕಾಲಿಗೆ ಬಡಿದು ಧೂಳು ಕೊಡವಿದರು. “ಸಾವಿ ನಮ್ಮ ಹೊಲದಾಗ ಬಿತ್ತಿ ಮೂವತ್ತು ವರ್ಷ ಆತ್ರಿ,” ಎಂದರು ನನ್ನ ಕಡೆ ನೋಡಿ. “ಆಕಿಗೆ ಹೆಂಗ ಗೊತ್ತಾಗಬೇಕು. ಅದು ನಾ ಬರದ ತಪ್ಪು.”